ಯಾರೂ ಮುಟ್ಟಲಿಲ್ಲ, ಆದರೂ ಮಂಡಿ ಲಿಗಮೆಂಟ್ ಹರಿದದ್ದು ಹೇಗೆ?

ಪ್ರಶ್ನೆ: ನಾನು ಅರಸೀಕೆರೆ ಕಡೆಯವನು, ವಯಸ್ಸು 20, ಕಬಡ್ಡಿ ರೈಡರ್. ಊರಲ್ಲಿ ಮಣ್ಣಿನ ಅಂಗಣದಲ್ಲಿ ಬರಿಗಾಲಲ್ಲಿ ಆಡಿ ಅಭ್ಯಾಸ. ಹೋದ ತಿಂಗಳು ಹಾಸನದಲ್ಲಿ ಮೊದಲ ಸಲ ಹೊಸ ಶೂ ಹಾಕಿಕೊಂಡು ಮ್ಯಾಟ್ ಮೇಲೆ ಆಡಿದೆ. ಬೋನಸ್ ಗೆರೆಯಿಂದ ವಾಪಸ್ ತಿರುಗುವಾಗ ಬಲ ಮಂಡಿಯಲ್ಲಿ ಟಪ್ ಅಂತ ಸದ್ದಾಯಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಎರಡೇ ಗಂಟೆಯಲ್ಲಿ ಮಂಡಿ ಊದಿತು. ಎಣ್ಣೆ ಹಾಕಿ ನೀವಿಸಿದೆವು. ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಪೂರ್ತಿ ಹರಿದಿದೆ ಅಂತ ಎಂಆರ್‌ಐ ವರದಿ ಬಂದಿದೆ. ಈಗ ಊತ ಇಳಿದಿದೆ, ಆರಾಮಾಗಿ ನಡೆಯುತ್ತೇನೆ. ಮತ್ತೆ ಆಡಬಹುದಾ?

ಉತ್ತರ: ಆಟಗಾರರ ಎಸಿಎಲ್ ಹರಿಯುವುದು ಹೆಚ್ಚಾಗಿ ಹೀಗೇ, ಯಾರ ಪೆಟ್ಟೂ ಬೀಳದೆ. ಓಡುತ್ತಿದ್ದವರು ಗಕ್ಕನೆ ನಿಂತಾಗ, ತಿರುಗಿದಾಗ, ಜಿಗಿದು ಒಂದೇ ಕಾಲ ಮೇಲೆ ಇಳಿದಾಗ.

ಮಂಡಿಯ ಒಳಗೆ ಎರಡು ಲಿಗಮೆಂಟ್‌ಗಳು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ಪಟ್ಟಿಗಳು, ಗುಣಾಕಾರದ ಗುರುತಿನ ಹಾಗೆ ಒಂದನ್ನೊಂದು ಹಾದು ಹೋಗುತ್ತವೆ. ಮುಂದಿನದು ಎಸಿಎಲ್. ಉದ್ದ ಸುಮಾರು 3 ಸೆಂಟಿಮೀಟರ್ ಅಷ್ಟೇ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ನಿಮ್ಮೂರಿನ ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ. ಎಸಿಎಲ್ ಕೂಡ ಹಾಗೇ ಎಳೆ ಎಳೆ ಸೇರಿ ಆದದ್ದು. ನಿಮ್ಮ ವಯಸ್ಸಿನವರಲ್ಲಿ ಅದು 200 ಕೆಜಿ ತೂಕದಷ್ಟು ಎಳೆತವನ್ನು ತಡೆಯಬಲ್ಲದು.

ಅಷ್ಟು ಗಟ್ಟಿ ಹಗ್ಗ ಹರಿದದ್ದು ಹೇಗೆ? ಒಂದು ಕುರ್ಚಿಯ ಅಂಚಿನಲ್ಲಿ ಕೂತು, ನೋವಿಲ್ಲದ ಎಡಗಾಲಲ್ಲಿ ನೋಡಿ. ಮಂಡಿ ಮಡಚಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಿರಿ. ಮಂಡಿಯ ಹಿಂದೆ ಎರಡೂ ಬದಿ ಹಗ್ಗದಂಥ ನರ ಬಿಗಿಯಾಗಿ ಎದ್ದು ನಿಲ್ಲುತ್ತದೆ, ಅಲ್ವಾ? ನಾವು ರೂಢಿಯಲ್ಲಿ ನರ ಅಂದರೂ ಅದು ತೊಡೆಯ ಹಿಂದಿನ ಸ್ನಾಯುವಿನ ತುದಿ. ಅದು ಕೆಳಗಿನ ಮೂಳೆಯನ್ನು ಹಿಂದಕ್ಕೆ ಎಳೆದು ಎಸಿಎಲ್‌ಗೆ ಆಸರೆ ಕೊಡುತ್ತದೆ. ಆದರೆ ಕಾಲು ಹೆಚ್ಚುಕಡಿಮೆ ನೇರ ಇದ್ದಾಗ ಈ ಸ್ನಾಯು ಮೂಳೆಗೆ ಸಮಾನಾಂತರವಾಗಿ ಮಲಗಿರುತ್ತದೆ. ಹಿಂದಕ್ಕೆ ಎಳೆಯುವ ಶಕ್ತಿ ಅದಕ್ಕೆ ಆಗ ಅಷ್ಟಾಗಿ ಇರುವುದಿಲ್ಲ. ಅದೇ ಹೊತ್ತಿನಲ್ಲಿ ತೊಡೆಯ ಮುಂದಿನ ದೊಡ್ಡ ಸ್ನಾಯು ಆ ಮೂಳೆಯನ್ನು ಮುಂದಕ್ಕೆ ಎಳೆಯುತ್ತಿರುತ್ತದೆ.

ತಿರುಗುವಾಗ ನಿಮ್ಮ ಕಾಲು ಹೀಗೇ ಹೆಚ್ಚು ಮಡಚದೆ ಊರಿದ್ದಿರಬೇಕು. ಜೊತೆಗೆ ಮಂಡಿ ಒಳಕ್ಕೆ ವಾಲಿ ತಿರುಚಿಕೊಂಡಿರಬೇಕು. ಮಣ್ಣಿನಲ್ಲಿ ಆಗಿದ್ದರೆ ಪಾದ ಸ್ವಲ್ಪ ಜಾರಿ ತಿರುಚು ಅಲ್ಲೇ ಕಳೆದುಹೋಗುತ್ತಿತ್ತು. ಮ್ಯಾಟ್ ಮೇಲೆ ಹೊಸ ಶೂ ಕಚ್ಚಿಕೊಳ್ಳುತ್ತದೆ. ಪಾದ ಅಲ್ಲೇ ನಿಂತಿತು, ಮೈ ತಿರುಗಿತು. ನಡುವೆ ಸಿಕ್ಕಿದ್ದು ಮಂಡಿ. ಕಾಲು ಊರಿದ ಮೇಲೆ ಲಿಗಮೆಂಟ್ ಹರಿಯಲು ಸುಮಾರು 40 ಮಿಲಿಸೆಕೆಂಡ್ ಸಾಕು. ಕಣ್ಣು ಮಿಟುಕಿಸಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಯಾರೂ ಸುಧಾರಿಸಿಕೊಳ್ಳಲಾರರು. ನೀವು ಮೈಮರೆತು ಆಡಿದಿರಿ ಅಂತ ಯಾರಾದರೂ ಅಂದರೆ ನಂಬಬೇಡಿ.

ಎರಡು ಗಂಟೆಯಲ್ಲಿ ಊದಿದ್ದು ಒಳಗೆ ರಕ್ತ ತುಂಬಿದ್ದರಿಂದ. ಆಗ ನೀವಿಸಬಾರದು, ಶಾಖ ಕೊಡಬಾರದು, ರಕ್ತ ಇನ್ನೂ ಸುರಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್, ಬ್ಯಾಂಡೇಜು, ಕಾಲು ಎತ್ತರಕ್ಕೆ, ಅಷ್ಟೇ ಸಾಕು.

ಈಗ ಆರಾಮಾಗಿ ನಡೆಯುತ್ತೀರಿ ನಿಜ. ನೇರ ನಡೆಯಲು ಎಸಿಎಲ್ ಅಷ್ಟಾಗಿ ಬೇಕಿಲ್ಲ. ತಿರುಗಲು ಬೇಕು. ಹೀಗೇ ಅಂಗಣಕ್ಕೆ ಇಳಿದರೆ ಮಂಡಿ ಮತ್ತೆ ಮತ್ತೆ ಕೈಕೊಡುತ್ತದೆ. ಒಂದೊಂದು ಸಲವೂ ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್, ಸಿಕ್ಕಿ ಹರಿಯಬಹುದು. ದಯವಿಟ್ಟು ಆಡಬೇಡಿ. ಕಬಡ್ಡಿ ಮುಂದುವರಿಸುವ ಆಸೆ ಇದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಅದಕ್ಕೂ ಮೊದಲು ಮಂಡಿ ಪೂರ್ತಿ ನೇರ ಆಗಬೇಕು, ತೊಡೆಗೆ ಬಲ ಬರಬೇಕು. ಶಸ್ತ್ರಚಿಕಿತ್ಸೆ ಆದ ಮೇಲೆ ಮತ್ತೆ ಆಡಲು ಕನಿಷ್ಠ 9 ತಿಂಗಳು ಕಾಯಿರಿ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, 9 ತಿಂಗಳವರೆಗೆ ತಡಮಾಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. 6 ತಿಂಗಳಿಗೇ ಟೂರ್ನಿ ಇದೆ ಬಾ ಅಂತ ಕರೆಯುತ್ತಾರೆ. ಹೋಗಬೇಡಿ.

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. 14 ವರ್ಷದ ಮಗಳು ಖೋ ಖೋ ಆಡುತ್ತಾಳೆ. ಹೆಣ್ಣುಮಕ್ಕಳಿಗೆ ಮಂಡಿ ಗಾಯ ಜಾಸ್ತಿ ಅಂತಾರೆ. ಆಟ ಬಿಡಿಸಬೇಕಾ?

ಉತ್ತರ: ಬಿಡಿಸಬೇಡಿ. ಜಿಗಿದು ತಿರುಗುವ ಆಟಗಳಲ್ಲಿ ಹುಡುಗಿಯರಿಗೆ ಎಸಿಎಲ್ ಗಾಯದ ಸಾಧ್ಯತೆ ಹುಡುಗರ ಎರಡು ಪಟ್ಟಿಗೂ ಹೆಚ್ಚು ಅನ್ನುವುದು ನಿಜ. ಹಾಗಂತ ತಡೆಯಲು ದಾರಿ ಇಲ್ಲ ಅಂತಲ್ಲ. ಮನೆಯ ಜಗಲಿಯಿಂದ, ಒಂದು ಅಡಿ ಎತ್ತರ ಸಾಕು, ಎರಡೂ ಕಾಲಲ್ಲಿ ಕೆಳಗೆ ಜಿಗಿಯಲು ಹೇಳಿ. ನೀವು ಎದುರಿಗೆ ನಿಂತು ಮಂಡಿಗಳನ್ನೇ ನೋಡಿ. ಅವು ಒಂದರ ಕಡೆ ಒಂದು ವಾಲುತ್ತವಾ? ಕಾಲು ಕೋಲಿನ ಹಾಗೆ ನೆಟ್ಟಗೆ ಬಂದು ಧಡ್ ಅಂತ ಸದ್ದಾಗುತ್ತದಾ? ಹಾಗಿದ್ದರೆ ಅದನ್ನು ತಿದ್ದಬೇಕು, ತಿದ್ದಲು ಬರುತ್ತದೆ. ಮಂಡಿ, ಸೊಂಟ ಮಡಚಿ, ಮಂಡಿ ಪಾದದ ಬೆರಳಿನ ನೇರಕ್ಕೇ ಇರುವಂತೆ ಇಳಿಯುವುದನ್ನು ಕಲಿಸಿ. ಫಿಫಾ 11 ಪ್ಲಸ್ ಅನ್ನುವ 20 ನಿಮಿಷದ ವಾರ್ಮಪ್ ಫುಟ್ಬಾಲಿಗೆ ಅಂತ ಮಾಡಿದ್ದು, ಅದರ ವ್ಯಾಯಾಮಗಳು ಖೋ ಖೋಗೂ ಹೊಂದುತ್ತವೆ. ವಾರಕ್ಕೆ ಎರಡು ಮೂರು ಸಲ ಮಾಡಿಸಲು ಅವಳ ಪಿಟಿ ಮಾಸ್ಟರಿಗೆ ಹೇಳಿ. ಮನೆಯಲ್ಲಿ ಅವಳಿಗೆ ಒಂದೇ ಮಾತು ಹೇಳಿ: ಬೆಕ್ಕಿನ ಹಾಗೆ ಸದ್ದಾಗದಂತೆ ಇಳಿ.