ಹೊಸ ತಂತ್ರಾಂಶಕ್ಕೆ ಮೊದಲು ಸಂಸ್ಥೆಯ ನಕ್ಷೆ ಏಕೆ?

ಪ್ರಶ್ನೆ: ನಾನು ಪತ್ತಿನ ಸಹಕಾರ ಸಂಘವೊಂದರ ನಿರ್ದೇಶಕ. ನಮ್ಮಲ್ಲಿ ಸದಸ್ಯತ್ವ, ಠೇವಣಿ, ಸಾಲ ಮೂರಕ್ಕೂ ಬೇರೆ ಬೇರೆ ತಂತ್ರಾಂಶಗಳಿವೆ. ಹೊಸದನ್ನು ಕೊಳ್ಳುವ ಮೊದಲು ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಮಾಡಿಸಬೇಕೆಂದು ಸಲಹೆಗಾರರು ಹೇಳುತ್ತಾರೆ. ನಮ್ಮಂಥ ಸಣ್ಣ ಸಂಸ್ಥೆಗೆ ಇದು ಅಗತ್ಯವೇ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಅಗತ್ಯವಿದೆ, ಆದರೆ ದಪ್ಪ ಕಡತದ ರೂಪದಲ್ಲಿ ಬೇಡ. ಸಂಸ್ಥೆಯಲ್ಲಿ ಯಾವ ಕೆಲಸ ನಡೆಯುತ್ತದೆ, ಯಾರು ಮಾಡುತ್ತಾರೆ, ಅದಕ್ಕೆ ಬೇಕಾದ ಮಾಹಿತಿ ಯಾವ ತಂತ್ರಾಂಶದಲ್ಲಿದೆ ಎಂಬುದನ್ನು ಒಂದಕ್ಕೊಂದು ಹೊಂದಿಸಿ ಬರೆದಿಡುವುದೇ ಈ ವಿದ್ಯೆ. 1987ರಲ್ಲಿ ಐಬಿಎಂನ ಜಾನ್ ಝಾಕ್‌ಮನ್ ಪ್ರಕಟಿಸಿದ ಲೇಖನವು ಇದಕ್ಕೆ ಅಡಿಪಾಯ ಹಾಕಿತು.

ಇದರ ಬೆಲೆ ತಿಳಿಯಲು ನಮ್ಮ ರಾಜ್ಯದ ಜಮೀನು ದಾಖಲೆಗಳನ್ನೇ ನೋಡಿ. ಪಹಣಿ ಕಂದಾಯ ಇಲಾಖೆಯ ‘ಭೂಮಿ’ಯಲ್ಲಿದೆ, ಕ್ರಯಪತ್ರ ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿದೆ, ಅಳತೆಯ ಕೆಲಸ ಭೂಮಾಪನ ಇಲಾಖೆಯ ‘ಮೋಜಿಣಿ’ಯಲ್ಲಿ ನಡೆಯುತ್ತದೆ. ರೈತರೊಬ್ಬರು ತಮ್ಮ ನಾಲ್ಕು ಎಕರೆಯಲ್ಲಿ ಒಂದೆಕರೆಯನ್ನು ಮಾರುತ್ತಾರೆ ಎನ್ನೋಣ. ಮೊದಲು ಆ ಭಾಗಕ್ಕೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಗುರುತಿಸುವ ನಕ್ಷೆ, ಆಗಬೇಕು. ನೋಂದಣಿಯ ವೇಳೆ ಮಾರುವವರ ಹೆಸರು, ವಿಸ್ತೀರ್ಣ ಪಹಣಿಯೊಡನೆ ತಾಳೆಯಾಗಬೇಕು. ನೋಂದಣಿಯಾದ ಮೇಲೆ ವಿವರವು ‘ಭೂಮಿ’ಗೆ ತಲುಪಿ ಮ್ಯುಟೇಷನ್ (ಪಹಣಿಯಲ್ಲಿ ಹಕ್ಕುದಾರರ ಹೆಸರಿನ ಬದಲಾವಣೆ) ಶುರುವಾಗಬೇಕು. ಮೂರೂ ವ್ಯವಸ್ಥೆಗಳು ತಮ್ಮ ಮಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ನಡುವಿನ ಕೊಂಡಿ ಇಲ್ಲದಿದ್ದರೆ, ಕ್ರಯಪತ್ರ ಒಬ್ಬರ ಹೆಸರಿನಲ್ಲಿ, ಪಹಣಿ ಇನ್ನೊಬ್ಬರ ಹೆಸರಿನಲ್ಲಿ ಉಳಿದು, ಅದೇ ಜಮೀನು ಮತ್ತೊಮ್ಮೆ ಮಾರಾಟವಾಗುವ ಅಪಾಯವಿರುತ್ತದೆ. ಯಾವ ವಿವರಕ್ಕೆ ಯಾವ ಇಲಾಖೆಯ ದಾಖಲೆ ಪ್ರಮಾಣ ಎಂಬುದು ಮೊದಲೇ ತೀರ್ಮಾನವಾಗದೆ ಇಂಥ ಕೊಂಡಿ ಹಾಕಲಾಗದು. ಯಾವ ತಂತ್ರಾಂಶ ಕಂಪನಿಯೂ ಆ ತೀರ್ಮಾನವನ್ನು ನಿಮ್ಮ ಪರವಾಗಿ ಮಾಡಿಕೊಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮ ಸಂಘದಲ್ಲಿ ಸದಸ್ಯರೊಬ್ಬರ ವಿಳಾಸ ಬದಲಾದರೆ ಅದನ್ನು ಎಲ್ಲಿ ತಿದ್ದುತ್ತೀರಿ? ಮೂರು ಕಡೆ ಎಂದಾದರೆ, ಒಂದಲ್ಲ ಒಂದು ದಿನ ಸಾಲದ ನೋಟಿಸು ಹಳೆಯ ವಿಳಾಸಕ್ಕೇ ಹೋಗುತ್ತದೆ. ಆದ್ದರಿಂದ ಒಂದೇ ಒಂದು ಕೆಲಸದಿಂದ ಆರಂಭಿಸಿ: ಸಾಲದ ಅರ್ಜಿಯು ಕೌಂಟರಿನಿಂದ ಆಡಳಿತ ಮಂಡಳಿಯ ಮಂಜೂರಾತಿಯವರೆಗೆ ಸಾಗುವ ದಾರಿಯನ್ನು, ಜಾಮೀನುದಾರರ ವಿವರ ಎಲ್ಲಿ ಸೇರುತ್ತದೆ ಎಂಬುದೂ ಸಮೇತ, ನಿಮ್ಮ ನೌಕರರನ್ನೇ ಕೂರಿಸಿಕೊಂಡು ಬರೆಯಿರಿ. ಗುಮಾಸ್ತರು ಹೇಳುವ ಕ್ರಮಕ್ಕೂ ಉಪನಿಯಮಗಳಲ್ಲಿರುವ ಕ್ರಮಕ್ಕೂ ವ್ಯತ್ಯಾಸ ಕಂಡರೆ ಅದನ್ನು ಮುಚ್ಚಿಡದೆ ನಕ್ಷೆಯಲ್ಲೇ ಗುರುತಿಸಿ. ಸಲಹೆಗಾರರು ಆರ್ಕಿಮೇಟ್‌ನಂಥ ಚಿತ್ರಭಾಷೆಯನ್ನು ಬಳಸಿದರೂ ಅಡ್ಡಿಯಿಲ್ಲ, ಅದು ಗುಮಾಸ್ತರಿಗೆ ಅರ್ಥವಾಗಬೇಕು. ಆ ನಕ್ಷೆಯನ್ನು ಟೆಂಡರಿಗೆ ಲಗತ್ತಿಸಿ, ಕೆಲಸದ ಕ್ರಮ ಬದಲಾದಾಗಲೆಲ್ಲ ಅದನ್ನು ತಿದ್ದುವ ಹೊಣೆಯನ್ನು ಕಾರ್ಯದರ್ಶಿಯವರಿಗೆ ಠರಾವಿನ ಮೂಲಕ ವಹಿಸಿ.