ಎಪಿ ಎಕನಾಮಿಕ್ಸ್ ಅನ್ನು ಕ್ಲಾಸಿಲ್ಲದೆ ಓದಿ ಬರೆಯಬಹುದಾ?

ಎಪಿ ಅಂದರೆ ಅಮೆರಿಕದ ಕಾಲೇಜ್ ಬೋರ್ಡ್ ಸಂಸ್ಥೆ ಹೈಸ್ಕೂಲಿನವರಿಗೆ ನಡೆಸುವ ಕಾಲೇಜು ಮಟ್ಟದ ಪರೀಕ್ಷೆ. ಸ್ಕೂಲಿನಲ್ಲಿ ಎಪಿ ಎಕನಾಮಿಕ್ಸ್ ಕ್ಲಾಸ್ ಇಲ್ಲ, ಮೈಕ್ರೋ (ಕೊಳ್ಳುವವರು, ಕಂಪನಿಗಳ ಮಟ್ಟದ ಅರ್ಥಶಾಸ್ತ್ರ) ಮತ್ತು ಮ್ಯಾಕ್ರೋ (ಇಡೀ ದೇಶದ ಮಟ್ಟದ್ದು) ಎರಡನ್ನೂ ಸ್ವಂತವಾಗಿ ಓದಿ ಬರೆಯಬಹುದಾ ಎಂದು ಕೇಳಿದ್ದೀರಿ. ಖಂಡಿತ ಬರೆಯಬಹುದು. ನಾನು ಎರಡನ್ನೂ ಹಾಗೇ ಬರೆದವನು. ಲ್ಯಾಬ್ ಇಲ್ಲ, ಉದ್ದುದ್ದ ಪ್ರಬಂಧ ಇಲ್ಲ, ಲೆಕ್ಕವೂ ಕೂಡು, ಕಳೆ, ಶೇಕಡಾ ಮಟ್ಟದ್ದೇ.

ಪುಸ್ತಕ ತೆರೆಯುವ ಮೊದಲು ಸೀಟಿನ ವ್ಯವಸ್ಥೆ ಮಾಡಿಕೊಳ್ಳಿ. ಪರೀಕ್ಷೆ ಮೇ ತಿಂಗಳಲ್ಲಿ, ಆದರೆ ಹೆಸರು ಕೊಡುವ ಗಡುವು ಹಿಂದಿನ ನವೆಂಬರಿನಲ್ಲೇ ಬಂದುಬಿಡುತ್ತದೆ. ನಿಮ್ಮ ಸ್ಕೂಲಿನ ಅಥವಾ ಹತ್ತಿರದ ಬೇರೆ ಸ್ಕೂಲಿನ ಎಪಿ ಕೋಆರ್ಡಿನೇಟರ್ ನಿಮಗಾಗಿ ಪರೀಕ್ಷೆ ಆರ್ಡರ್ ಮಾಡಬೇಕು. ಹೊರಗಿನವರನ್ನು ಎಲ್ಲ ಸ್ಕೂಲೂ ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಬೇಗ ವಿಚಾರಿಸಿ.

ಎರಡೂ ಪತ್ರಿಕೆಗಳ ರೂಪ ಒಂದೇ. 70 ನಿಮಿಷದಲ್ಲಿ 60 ಬಹು ಆಯ್ಕೆಯ ಪ್ರಶ್ನೆಗಳು, ಅದಕ್ಕೆ ಮೂರರಲ್ಲಿ ಎರಡು ಪಾಲು ಅಂಕ. ಉಳಿದ ಒಂದು ಪಾಲು 60 ನಿಮಿಷದಲ್ಲಿ ಬರೆಯುವ 3 ಪ್ರಶ್ನೆಗಳಿಗೆ. ಸ್ವಂತ ಓದುವವರಿಗೆ ಕಷ್ಟವಾಗುವುದು ಈ ಬರೆಯುವ ಭಾಗವೇ. ವಿಡಿಯೋ ನೋಡುವಾಗ ಗ್ರಾಫ್ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಖಾಲಿ ಹಾಳೆ ಮುಂದಿಟ್ಟಾಗ ಕೈ ಓಡುವುದಿಲ್ಲ. ಅದಕ್ಕೇ ದಿನಾ ಗ್ರಾಫ್ ಬಿಡಿಸಿ, ಪುಸ್ತಕ ಮುಚ್ಚಿಟ್ಟು.

ಮೈಕ್ರೋದ ಮೊನಾಪಲಿ (ಮಾರುವವರು ಒಬ್ಬರೇ ಇರುವ ಮಾರುಕಟ್ಟೆ) ಗ್ರಾಫನ್ನೇ ನೋಡಿ. ಅದರಲ್ಲಿ ಮಾರ್ಜಿನಲ್ ರೆವೆನ್ಯೂ (ಇನ್ನೊಂದು ವಸ್ತು ಮಾರಿದಾಗ ಜಾಸ್ತಿ ಬರುವ ಹಣ) ಗೆರೆ ಡಿಮ್ಯಾಂಡ್ (ಯಾವ ಬೆಲೆಗೆ ಎಷ್ಟು ಹೋಗುತ್ತದೆ ಅನ್ನುವ) ಗೆರೆಗಿಂತ ಕೆಳಗಿರುತ್ತದೆ. ಯಾಕೆ ಅಂತ ಒಂದು ಸಲ ಲೆಕ್ಕ ಹಾಕಿದರೆ ಮರೆಯುವುದೇ ಇಲ್ಲ. 10 ಡಾಲರ್ ಬೆಲೆಗೆ 4 ವಸ್ತು ಹೋಗುತ್ತವೆ ಅಂದುಕೊಳ್ಳಿ, ಬಂದದ್ದು 40. ಐದನೆಯದನ್ನೂ ಮಾರಬೇಕು ಅಂದರೆ ಬೆಲೆ 9ಕ್ಕೆ ಇಳಿಸಬೇಕು, ಈಗ ಬಂದದ್ದು 45. ಐದನೆಯದರ ಬೆಲೆ 9, ಆದರೆ ಜಾಸ್ತಿ ಸಿಕ್ಕಿದ್ದು ಬರೀ 5. ಮೊದಲಿನ ನಾಲ್ಕರ ಬೆಲೆಯೂ ಇಳಿಯಿತಲ್ವಾ? ಇನ್ನು, ಮಾರ್ಜಿನಲ್ ಕಾಸ್ಟ್ (ಇನ್ನೊಂದು ವಸ್ತು ತಯಾರಿಸಲು ಆಗುವ ಹೆಚ್ಚಿನ ಖರ್ಚು) ಮತ್ತು ಮಾರ್ಜಿನಲ್ ರೆವೆನ್ಯೂ ಸೇರುವ ಜಾಗದಲ್ಲಿ ಸಿಗುವುದು ಎಷ್ಟು ತಯಾರಿಸಬೇಕು ಅನ್ನುವುದು ಮಾತ್ರ. ಬೆಲೆ ಬೇಕಿದ್ದರೆ ಅಲ್ಲಿಂದ ನೇರ ಮೇಲಕ್ಕೆ ಹೋಗಿ ಡಿಮ್ಯಾಂಡ್ ಗೆರೆ ಮುಟ್ಟಬೇಕು.

ಮ್ಯಾಕ್ರೋದಲ್ಲಿ ಗೆರೆಗಳು ಸುಲಭ, ಹೆಸರುಗಳೇ ಕಾಡುವುದು. ಮನಿ ಮಾರ್ಕೆಟ್ (ಹಣದ ಬೇಡಿಕೆ, ಪೂರೈಕೆ) ಗ್ರಾಫಿನ ನಿಂತ ಅಕ್ಷಕ್ಕೆ ನಾಮಿನಲ್ ಬಡ್ಡಿದರ ಅಂತ ಬರೆಯಬೇಕು, ಲೋನಬಲ್ ಫಂಡ್ಸ್ (ಸಾಲಕ್ಕೆ ಸಿಗುವ ಉಳಿತಾಯ) ಗ್ರಾಫಿಗೆ ರಿಯಲ್ ಬಡ್ಡಿದರ, ಅಂದರೆ ಹಣದುಬ್ಬರ ಕಳೆದು ಉಳಿಯುವ ದರ. ಸುಮ್ನೆ ‘ಬಡ್ಡಿ’ ಅಂತ ಬರೆದು ಬಿಡಬೇಡಿ, ಲೇಬಲ್‌ಗೂ ಅಂಕವಿದೆ. ‘ವಿವರಿಸಿ’ ಎಂದು ಕೇಳಿದಾಗ ನಡುವಿನ ಒಂದು ಕೊಂಡಿಯನ್ನೂ ಹಾರಿಸಬೇಡಿ. ಬಡ್ಡಿದರ ಏರಿತು, ಸಾಲ ದುಬಾರಿಯಾಯಿತು, ಕಂಪನಿಗಳ ಹೂಡಿಕೆ ಇಳಿಯಿತು, ಒಟ್ಟು ಬೇಡಿಕೆ ಇಳಿಯಿತು, ಅದರ ಜೊತೆ ಬೆಲೆಮಟ್ಟವೂ ಉತ್ಪಾದನೆಯೂ ಇಳಿದವು. ಇಷ್ಟನ್ನೂ ಬರೆಯಿರಿ.

ಹಳೆಯ ಬರೆಯುವ ಪ್ರಶ್ನೆಗಳು, ಅಂಕ ಕೊಡುವ ಕ್ರಮದ ಸಮೇತ, ಕಾಲೇಜ್ ಬೋರ್ಡ್ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇರೆ ಇಲ್ಲ. ಗಡಿಯಾರ ಇಟ್ಟು ಬರೆಯಿರಿ, ಆಮೇಲೆ ನಿಮ್ಮ ಉತ್ತರವನ್ನು ನೀವೇ ತಿದ್ದಿ, ಕೈ ಬಿಗಿ ಮಾಡಿ ಅಂಕ ಕೊಡಿ. ಮ್ಯಾಕ್ರೋದ ಹಳೆಯ ಪತ್ರಿಕೆಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. ಬ್ಯಾಂಕುಗಳ ಬಳಿ ರಿಸರ್ವ್ (ಸಾಲ ಕೊಡದೆ ಇಟ್ಟುಕೊಂಡ ಹಣ) ಕಡಿಮೆ ಇರುತ್ತದೆ ಎಂದುಕೊಂಡು ಬರೆದ ಉತ್ತರಗಳು ಅಲ್ಲಿ ಜಾಸ್ತಿ. ಈಗಿನ ಪಠ್ಯದಲ್ಲಿ ರಿಸರ್ವ್ ಧಾರಾಳವಾಗಿರುವ ಮಾದರಿಯೂ ಇದೆ. ಅದರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮುಖ್ಯವಾಗಿ ಬಳಸುವುದು ಬ್ಯಾಂಕುಗಳ ರಿಸರ್ವ್ ಮೇಲೆ ತಾನು ಕೊಡುವ ಬಡ್ಡಿಯನ್ನು. ಪ್ರಶ್ನೆ ಯಾವ ಮಾದರಿಯ ಬಗ್ಗೆ ಕೇಳಿದೆ ಎಂದು ಮೊದಲು ನೋಡಿಕೊಂಡು, ಆಮೇಲೆ ಪೆನ್ನು ಎತ್ತಿ.