ಗಾರ್ಮೆಂಟ್ಸ್ ಸೂಪರ್‌ವೈಸರ್ ದೊಡ್ಡ ಮನೆಯ ಉಸ್ತುವಾರಿಗೆ ಹೋದಾಗ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಗೀತಾ ಎಂದು ಕರೆಯುತ್ತೇನೆ.

ಗೀತಾಗೆ 43 ವರ್ಷ. ಓದಿದ್ದು ಎಸ್ಸೆಸ್ಸೆಲ್ಸಿ. ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿ, ಟೇಲರ್ ಆಗಿ, ಚೆಕಿಂಗ್ ಮಾಡಿ, ಕೊನೆಗೆ ಬ್ಯಾಚ್ ಸೂಪರ್‌ವೈಸರ್ ಆಗಿದ್ದರು. ಒಟ್ಟು 19 ವರ್ಷದ ಸರ್ವಿಸ್. ಕಂಪನಿ ಆ ಯೂನಿಟ್ಟನ್ನು ಬೇರೆ ಜಿಲ್ಲೆಗೆ ಸಾಗಿಸಿತು. ಮಗ ಬೆಂಗಳೂರಿನಲ್ಲೇ ಡಿಪ್ಲೊಮಾ ಓದುತ್ತಿದ್ದಾನೆ, ಅತ್ತೆಗೆ ವಯಸ್ಸಾಗಿದೆ. ಹಾಗಾಗಿ ಗೀತಾ ಹೋಗಲಿಲ್ಲ.

ಪಕ್ಕದ ಮನೆಯ ಅಕ್ಕ ಹೆಬ್ಬಾಳದ ಕಡೆ ಒಂದು ವಿಲ್ಲಾದಲ್ಲಿ ಅಡುಗೆ ಮಾಡುತ್ತಾರೆ. ದೊಡ್ಡ ಮನೆಗಳಲ್ಲಿ ಅಡುಗೆಯವರು, ಡ್ರೈವರ್, ಮಾಲಿ, ಕೆಲಸದವರು ಎಲ್ಲರನ್ನೂ ನೋಡಿಕೊಳ್ಳುವುದಕ್ಕೆ ಹೌಸ್ ಮ್ಯಾನೇಜರ್ ಅಂತ ಇಟ್ಟುಕೊಳ್ಳುತ್ತಾರೆ, ನೀನು ಕೇಳಿ ನೋಡು ಎಂದು ಅವರೇ ಹೇಳಿದ್ದು. ಗೀತಾ ಒಂದು ಏಜೆನ್ಸಿಗೆ ಹೋದರು. "ಮನೆಯಲ್ಲಿ ಕೆಲಸ ಮಾಡಿದ ಎಕ್ಸ್‌ಪೀರಿಯನ್ಸ್ ಇದೆಯಾ?" ಎಂದು ಕೇಳಿದರು. "ಇಲ್ಲ ಸಾರ್" ಎಂದರು ಗೀತಾ. ಮಾತು ಅಲ್ಲಿಗೇ ಮುಗಿಯಿತು. ಕಸ, ಮುಸುರೆ ಕೆಲಸ ಬೇಕಿದ್ದರೆ ಇದೆ ಎಂದು ಕಳಿಸಿದರು.

ಕಸ, ಮುಸುರೆ ಕೀಳು ಕೆಲಸ ಅಲ್ಲವೇ ಅಲ್ಲ. ಆದರೆ ಆ ಕೆಲಸಕ್ಕೆ ಸೇರಿದ್ದರೆ ಅವರ 19 ವರ್ಷಕ್ಕೆ ಯಾರೂ ಒಂದು ರೂಪಾಯಿ ಕೊಡುತ್ತಿರಲಿಲ್ಲ. ಆಪ್ತಸಲಹೆಗೆಂದು ನಮ್ಮ ಹತ್ತಿರ ಬಂದಾಗ ಗೀತಾ ಹೇಳಿದ್ದು ಒಂದೇ ಮಾತು: "ನನಗೆ ಬಟ್ಟೆ ಬಿಟ್ಟು ಇನ್ನೇನೂ ಗೊತ್ತಿಲ್ಲ ಮೇಡಂ."

ಇಂಥವರಿಗೆ "ನಿಮ್ಮಲ್ಲಿರುವ ಕೌಶಲ ಹೇಳಿ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬದಲಿಗೆ, ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟ ಮೇಲೆ ಏನೇನು ಮಾಡುತ್ತಿದ್ದಿರಿ ಅಂತ ಕೇಳಿದೆ. ಅವರು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ.

ಮೊದಲು ಬಟ್ಟೆಯ ವಿಷಯವನ್ನೇ ತೆಗೆದುಕೊಂಡೆವು. ವಾಷ್ ಕೇರ್ ಲೇಬಲ್ ಮೇಲಿನ ಗುರುತುಗಳು ಅವರಿಗೆ ಬಾಯಿಪಾಠ. ತ್ರಿಕೋನದ ಮೇಲೆ ಇಂಟು (X) ಗುರುತು ಇದ್ದರೆ ಬ್ಲೀಚ್ ಹಾಕಬಾರದು. ಇಸ್ತ್ರಿಪೆಟ್ಟಿಗೆಯಲ್ಲಿ ಒಂದು ಚುಕ್ಕಿ ಇದ್ದರೆ ಕಡಿಮೆ ಬಿಸಿ, ಮೂರಿದ್ದರೆ ಜಾಸ್ತಿ ಬಿಸಿ. ಬರೀ ವೃತ್ತ ಇದ್ದರೆ ಡ್ರೈಕ್ಲೀನ್. ಲಿನನ್ ಬಟ್ಟೆಯನ್ನು ಸ್ವಲ್ಪ ಒದ್ದೆ ಇರುವಾಗಲೇ ಇಸ್ತ್ರಿ ಮಾಡಬೇಕು, ಉಣ್ಣೆ ಬಟ್ಟೆಯನ್ನು ನೇತುಹಾಕಿ ಒಣಗಿಸಿದರೆ ಜೋಲು ಬೀಳುತ್ತದೆ. ದುಬಾರಿ ಬಟ್ಟೆ ಇರುವ ಮನೆಗಳಲ್ಲಿ ಸೀರೆಯೋ ಸೂಟೋ ಹಾಳಾಗುವುದು ಇದು ಗೊತ್ತಿಲ್ಲದೆಯೇ. ಬರೀ ವಾರ್ಡ್‌ರೋಬ್ ನೋಡಿಕೊಳ್ಳುವುದಕ್ಕೇ ಆಳು ಇಟ್ಟುಕೊಳ್ಳುವ ಮನೆಗಳೂ ಇವೆ. ಗೀತಾ ಇದನ್ನು ಏಜೆನ್ಸಿಯಲ್ಲಿ ಹೇಳಿಯೇ ಇರಲಿಲ್ಲ.

ಎರಡನೆಯದು ಸೂಜಿ ರಿಜಿಸ್ಟರ್. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಮಷಿನ್ ಸೂಜಿ ಮುರಿದರೆ ಪ್ರತಿ ತುಂಡನ್ನೂ ಹುಡುಕಬೇಕು. ಹಾಳೆಗೆ ಅಂಟಿಸಿ, ದಿನ, ಸಮಯ, ಮಷಿನ್ ನಂಬರ್ ಬರೆದು ಸಹಿ ಹಾಕಬೇಕು. ಆಮೇಲೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಪೀಸುಗಳನ್ನೆಲ್ಲ ಪಕ್ಕಕ್ಕಿಟ್ಟು ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಆ ಚೂರು ಯಾವುದೋ ಮಗುವಿನ ಅಂಗಿಯಲ್ಲಿ ಉಳಿಯಬಾರದು. ಗೀತಾ ಈ ರಿಜಿಸ್ಟರನ್ನು ವರ್ಷಗಟ್ಟಲೆ ಇಟ್ಟವರು.

ದೊಡ್ಡ ಮನೆಯವರಿಗೆ ಬೇಕಾಗಿರುವುದು ಇದೇ ಗುಣ ಎಂದು ಅವರಿಗೆ ಹೇಳಿದೆ. ಬೀಗದ ಕೈಗಳು, ಬೆಳ್ಳಿ ಸಾಮಾನು, ದಿನದ ಖರ್ಚಿನ ದುಡ್ಡು ಎಲ್ಲವೂ ಹೌಸ್ ಮ್ಯಾನೇಜರ್ ಕೈಯಲ್ಲಿ ಇರುತ್ತವೆ. "ನಾನು ನಂಬಿಕಸ್ಥೆ" ಎಂದು ಯಾರು ಬೇಕಾದರೂ ಹೇಳಬಹುದು. "ಸೂಜಿಯ ಒಂದು ಚೂರಿಗೂ ಲೆಕ್ಕ ಇಟ್ಟಿದ್ದೇನೆ, ಹೀಗೆ ಇಡುತ್ತಿದ್ದೆ" ಎಂದು ವಿವರಿಸುವವರು ಕಡಿಮೆ.

ಮೂರನೆಯದು ಜನ. 30ಕ್ಕೂ ಹೆಚ್ಚು ಜನರ ಬ್ಯಾಚ್, ಗಂಟೆಗೊಂದು ಟಾರ್ಗೆಟ್. ಯಾರೋ ರಜೆ ಹಾಕಿದರೆ ಇನ್ಯಾರನ್ನೋ ಕೂರಿಸಬೇಕು. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರ ಜೊತೆ ಕೆಲಸ ಮಾಡಿ ಮಾಡಿ ಹಿಂದಿ ಬಂದಿದೆ, ತಮಿಳು ಮೊದಲೇ ಬರುತ್ತಿತ್ತು. ಬೆಂಗಳೂರಿನ ದೊಡ್ಡ ಮನೆಯಲ್ಲಿ ಅಡುಗೆಯವರು ಒಂದು ಭಾಷೆ, ಮಾಲಿ ಇನ್ನೊಂದು ಭಾಷೆ, ಮನೆಯವರು ಮತ್ತೊಂದು. ಹಾಗಾಗಿ ಈ ಭಾಷೆಗಳನ್ನು ಬಯೊಡೇಟಾದ ಮೇಲ್ಭಾಗದಲ್ಲೇ ಹಾಕಿದೆವು.

ಇನ್ನು, ಜೊತೆಗೆ ಬಾರದ್ದೂ ಇದೆ. ಅದನ್ನೂ ಮುಚ್ಚಿಡದೆ ಹೇಳಿದೆ. ಅತಿಥಿಗಳಿಗೆ ಊಟ ಬಡಿಸುವ ಕ್ರಮ, ಮಗುವಿನ ಆರೈಕೆ, ಹಾಸಿಗೆ ಹಿಡಿದವರ ಸೇವೆ ಅವರು ಮಾಡಿದವರಲ್ಲ. ಬರುತ್ತದೆ ಎಂದು ಸುಳ್ಳು ಹೇಳಿದರೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. "ಕಲಿತಿಲ್ಲ, ಕಲಿಯುತ್ತೇನೆ" ಎಂದೇ ಹೇಳಿ ಎಂದೆ. ಇನ್ನೊಂದು, ದನಿ. ಮಷಿನ್ ಸದ್ದಿನಲ್ಲಿ ಕೂಗಿ ಮಾತಾಡಿದ ಅಭ್ಯಾಸ ಮನೆಯೊಳಗೆ ಒಗ್ಗುವುದಿಲ್ಲ. ಮನೆಯ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ.

ಮೊದಲಿನ ಬಯೊಡೇಟಾದಲ್ಲಿ "ಗಾರ್ಮೆಂಟ್ಸ್ ಸೂಪರ್‌ವೈಸರ್, 19 ವರ್ಷ" ಎಂದಷ್ಟೇ ಇತ್ತು. ಹೊಸದರಲ್ಲಿ ಹೀಗೆ ಬರೆದೆವು: "ರೇಷ್ಮೆ, ಉಣ್ಣೆ, ಲಿನನ್ ಬಟ್ಟೆಗಳನ್ನು ಕೇರ್ ಲೇಬಲ್ ನೋಡಿ ತೊಳೆಸುವುದು, ಇಸ್ತ್ರಿ ಮಾಡಿಸುವುದು, ಜೋಡಿಸುವುದು ಗೊತ್ತು. ಕೆಲಸದವರ ಹಾಜರಿ ಮತ್ತು ರಜೆಯ ಪಟ್ಟಿ ಇಡುತ್ತೇನೆ. ಸಾಮಾನಿನ ಲೆಕ್ಕ ದಿನವೂ ಬರೆಯುತ್ತೇನೆ. ಪ್ರಥಮ ಚಿಕಿತ್ಸೆ ಮತ್ತು ಬೆಂಕಿ ಆರಿಸುವ ತರಬೇತಿ ಆಗಿದೆ." ಪ್ರತಿ ವಾಕ್ಯವೂ ಫ್ಯಾಕ್ಟರಿಯಲ್ಲಿ ಮಾಡಿದ್ದೇ. ಹೇಳಿದ ರೀತಿ ಮಾತ್ರ ಬೇರೆ, ಮನೆಯವರ ಅಗತ್ಯದ ಕಡೆಯಿಂದ ಹೇಳಿದ್ದು.

ಇಂಟರ್‌ವ್ಯೂ ಅಭ್ಯಾಸವನ್ನೂ ಮಾಡಿಸಿದೆ. "ನನ್ನ ರೇಷ್ಮೆ ಸೀರೆ ಮೇಲೆ ಅರಿಶಿನದ ಸಾರು ಬಿತ್ತು, ಏನು ಮಾಡ್ತೀರಿ?" ಎಂದು ಕೇಳಿದೆ. ಗೀತಾ ತಡವರಿಸಲಿಲ್ಲ. "ಉಜ್ಜಲ್ಲ ಮೇಡಂ. ಒಣ ಹತ್ತಿ ಬಟ್ಟೆ ಒತ್ತಿ ಎಷ್ಟು ಹೀರುತ್ತೋ ಅಷ್ಟು ತೆಗೀತೀನಿ. ನೀರೂ ಹಾಕಲ್ಲ, ಬ್ಲೀಚೂ ಹಾಕಲ್ಲ. ಆಗಲೇ ನಿಮಗೆ ಹೇಳಿ ಡ್ರೈಕ್ಲೀನಿಂಗ್‌ಗೆ ಕಳಿಸ್ತೀನಿ, ಕಲೆ ಯಾವುದರದ್ದು ಅಂತ ಚೀಟಿ ಬರೆದು." ನನಗೆ ಈ ಉತ್ತರದಲ್ಲಿ ತುಂಬಾ ಹಿಡಿಸಿದ್ದು "ಆಗಲೇ ನಿಮಗೆ ಹೇಳಿ" ಎಂಬ ಮಾತು. ಆದ ತಪ್ಪನ್ನು ಮುಚ್ಚಿಡದವರನ್ನು ಮನೆಯವರು ಬಿಟ್ಟುಕೊಡುವುದಿಲ್ಲ.

ಮನೆಯಲ್ಲಿ ಇದಕ್ಕೆ ವಿರೋಧ ಇತ್ತು. "ಸೂಪರ್‌ವೈಸರ್ ಆಗಿದ್ದವಳು ಈಗ ಇನ್ನೊಬ್ಬರ ಮನೆಗೆ ಹೋಗ್ತೀಯಾ?" ಎಂದರು ಅತ್ತೆ. ಗಂಡ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಖದಲ್ಲಿ ಕಾಣುತ್ತಿತ್ತಂತೆ. ಗಂಡನನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದೆ. ಕೆಲಸ ಏನು, ಎಷ್ಟು ಹೊತ್ತು, ಸಂಬಳ ಎಷ್ಟು ಎಂದು ಬಿಡಿಸಿ ಹೇಳಿದ ಮೇಲೆ ಅವರು ಒಪ್ಪಿದರು. ರಾತ್ರಿ ಅಲ್ಲೇ ಉಳಿಯುವ ಕೆಲಸ ಬೇಡ ಎಂದಷ್ಟೇ ಕೇಳಿಕೊಂಡರು. ಮಗ ಮತ್ತು ಅತ್ತೆ ಇರುವಾಗ ಅದು ನ್ಯಾಯವೇ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಿದ ವಿಷಯ. ಫ್ಯಾಕ್ಟರಿಯಿಂದ ಮನೆಗೆ ಹೋಗುವವರು ತಮ್ಮ ಕೈಚಳಕವನ್ನು ತರುತ್ತಾರೆ, ಫ್ಯಾಕ್ಟರಿಯ ನಿಯಮಗಳನ್ನು ಗೇಟಿನಲ್ಲೇ ಬಿಟ್ಟು ಬರುತ್ತಾರೆ. ಅಲ್ಲಿ ಬೆಲ್ ಹೊಡೆಯುತ್ತದೆ, ಓಟಿ (ಓವರ್‌ಟೈಮ್) ಕಾರ್ಡಿನಲ್ಲಿ ಬೀಳುತ್ತದೆ, ಭಾನುವಾರ ರಜೆ. ಮನೆಯಲ್ಲಿ ಬೆಲ್ ಇಲ್ಲ. "ಇವತ್ತೊಂದಿನ ಸ್ವಲ್ಪ ಇರಿ" ಎನ್ನುವುದು ದಿನವೂ ಆಗಿಬಿಡುತ್ತದೆ. ಹಾಗಾಗಿ ಆ ನಿಯಮಗಳನ್ನೂ ಕೌಶಲದ ಹಾಗೆಯೇ ಹೊತ್ತು ತರಬೇಕು. ಕೆಲಸದ ಸಮಯ, ವಾರದ ರಜೆ, ಜಾಸ್ತಿ ಹೊತ್ತು ನಿಂತರೆ ಏನು ಕೊಡುತ್ತಾರೆ, ಯಾವ ಕೆಲಸ ನಿಮ್ಮದು, ಯಾವುದು ಅಲ್ಲ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಇಷ್ಟನ್ನು ಸೇರುವ ಮುಂಚೆಯೇ ಕೇಳಿ. ಹಾಳೆಯ ಮೇಲೆ ಬರೆದುಕೊಡದಿದ್ದರೆ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.

ಮನೆಗೆಲಸಕ್ಕೂ ಕನಿಷ್ಠ ವೇತನ ಇದೆ. ಕರ್ನಾಟಕ 2004ರಲ್ಲೇ ಅದನ್ನು ಗೊತ್ತುಮಾಡಿದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಗೀತಾಗೆ ಇವೆರಡೂ ಹೊಸ ವಿಷಯ.

ದುಡ್ಡಿನ ಕಡೆ ನಷ್ಟವೂ ಇದೆ. ಮನೆಗೆಲಸದಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಪಿಎಫ್ ಕಟ್ ಆಗುವುದಿಲ್ಲ. ಫ್ಯಾಕ್ಟರಿಯಲ್ಲಿ ಸಿಗುತ್ತಿದ್ದ ಸಂಬಳಕ್ಕೆ ಇದನ್ನೂ ಸೇರಿಸಿ ಹೋಲಿಸಿ ನೋಡಿ ಎಂದೆ. ಪಿಎಫ್ ಎಲ್ಲಾ ತೆಗೆದು ಸಾಲ ತೀರಿಸುವ ಯೋಚನೆ ಅವರಿಗಿತ್ತು. ಪಿಎಫ್‌ನಲ್ಲಿ 10 ವರ್ಷ ದಾಟಿದವರಿಗೆ 58ನೇ ವಯಸ್ಸಿಗೆ ಪಿಂಚಣಿಯ ಹಕ್ಕು ಇರುತ್ತದೆ, ಅದಕ್ಕೆ ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿಗೆ ಸರ್ವಿಸಿನ ದಾಖಲೆ) ತೆಗೆದಿಟ್ಟುಕೊಳ್ಳಿ ಎಂದು ತಿಳಿಸಿದೆ. ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಬಂತಾ ಎಂದು ಕೇಳಿದರೆ "ಕೊಟ್ಟಿರಬಹುದು" ಎಂದರು. ಕೊನೆಯ ತಿಂಗಳ ಮೂಲವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸರ್ವಿಸಿನ ವರ್ಷಗಳಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಅವರ ಎದುರೇ ಲೆಕ್ಕ ಹಾಕಿ ಪಾಸ್‌ಬುಕ್ ಜೊತೆ ತಾಳೆ ನೋಡಿದೆವು, ಸರಿಯಾಗಿಯೇ ಬಂದಿತ್ತು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸಿಕೊಂಡರು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಬ್ಯಾಂಕಿನಲ್ಲಿ ಬರೆದುಕೊಟ್ಟರು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ.

ಕಾಗದ ಪತ್ರದ ಬಗ್ಗೆ ಒಂದೇ ಎಚ್ಚರಿಕೆ. ಪೊಲೀಸ್ ವೆರಿಫಿಕೇಷನ್ ಸರ್ಟಿಫಿಕೇಟ್‌ಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಫ್ಯಾಕ್ಟರಿಯ ಅನುಭವ ಪತ್ರ ತನ್ನಿ, ಆದರೆ ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ. ರಿಜಿಸ್ಟ್ರೇಷನ್ ಅಂತ ಮುಂಗಡ ದುಡ್ಡು ಕೇಳುವ ಏಜೆನ್ಸಿಯಿಂದ ಎದ್ದು ಬನ್ನಿ.

ಮೊದಲ ಟ್ರಯಲ್ ಸರಿಹೋಗಲಿಲ್ಲ. ಉಸ್ತುವಾರಿ ಎಂದು ಕರೆದು, ಅಡುಗೆ, ಮಗು, ನಾಯಿಯ ವಾಕಿಂಗ್ ಎಲ್ಲವನ್ನೂ ಒಬ್ಬರ ಮೇಲೆ ಹಾಕಿದರು. ಸಮಯ ಗೊತ್ತುಮಾಡಿ ಎಂದರೆ ಮಾತು ಹಾರಿಸಿದರು. ಗೀತಾ ಟ್ರಯಲ್ ದಿನಗಳ ಕೂಲಿ ಕೇಳಿ ತೆಗೆದುಕೊಂಡು ಬಂದರು. ಇಷ್ಟು ವರ್ಷ ಹಾಜರಿ ಪುಸ್ತಕ ಇಟ್ಟವರು, ಕೇಳಲು ನಾಚಲಿಲ್ಲ.

ಎರಡನೆಯದು ವಯಸ್ಸಾದ ದಂಪತಿ ಇರುವ ಮನೆ. ಮಕ್ಕಳು ವಿದೇಶದಲ್ಲಿದ್ದಾರೆ. ಅಡುಗೆಯವರು, ಡ್ರೈವರ್, ಮಾಲಿ, ಶುಚಿ ಕೆಲಸದವರು ಇದ್ದಾರೆ. ಗೀತಾಗೆ ಬೆಳಿಗ್ಗೆ 9ರಿಂದ ಸಂಜೆ 6, ಭಾನುವಾರ ರಜೆ, ವಾಟ್ಸಾಪ್‌ನಲ್ಲಿ ಬರೆದುಕೊಟ್ಟಿದ್ದಾರೆ. ಅಮ್ಮಾವ್ರ ಹಳೆಯ ರೇಷ್ಮೆ ಸೀರೆಗಳನ್ನು ಮಡಿಕೆ ಬದಲಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟ ದಿನದಿಂದ ಬೀರುವಿನ ಬೀಗದ ಕೈ ಗೀತಾ ಹತ್ತಿರವೇ ಇದೆ.

ಡಿಸೆಂಬರಿನಲ್ಲಿ ಮಕ್ಕಳು ಮೊಮ್ಮಕ್ಕಳು ಬಂದಾಗ ರಾತ್ರಿ ಒಂಬತ್ತಾದರೂ ಬಿಡುತ್ತಿರಲಿಲ್ಲ. ಕೇಳುವುದೋ ಬೇಡವೋ ಎಂದು ಗೀತಾ ಫೋನ್ ಮಾಡಿದರು. ಜಗಳ ಬೇಡ, ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟು ತಿಂಗಳ ಕೊನೆಗೆ ಸಂಬಳದ ಮಾತಿನ ಜೊತೆಗೇ ತೋರಿಸಿ ಎಂದೆ. ತೋರಿಸಿದರು. ಯಜಮಾನರು ಪುಸ್ತಕ ನೋಡಿ, ಜಾಸ್ತಿ ಗಂಟೆಗಳ ದುಡ್ಡು ಕೊಟ್ಟು, ಮುಂದಿನ ತಿಂಗಳಿಂದ ಎಲ್ಲಾ ಕೆಲಸದವರಿಗೂ ಹೀಗೇ ಬರೆದಿಡಿ ಎಂದರಂತೆ.